ಪೂಜೆಯಿಂದ ಎತ್ತಿದ ಗರಗಸ

ಪ್ರಾಣಿಗೆ ಪೆಟ್ಟಿಗೆ ಮಾಡುವವನು ಮೊದಲು ಕಲಿಯಬೇಕಾದದ್ದು ಜಿಪುಣತನ. ಪಾಪ, ಇನ್ನೊಂದು ಗೇಣು ಜಾಗ ಇರಲಿ ಎಂದು ಧಾರಾಳ ಮಾಡಿದಿರೋ, ಪ್ರಾಣಿ ಹೋಯಿತೆಂದೇ ತಿಳಿಯಿರಿ. ಜಾಗ ಸಿಕ್ಕರೆ ಅದು ಹಿಂದಕ್ಕೆ ತಿರುಗಲು ನೋಡುತ್ತದೆ, ಅರ್ಧ ತಿರುಗಿ ಸಿಕ್ಕಿಹಾಕಿಕೊಳ್ಳುತ್ತದೆ, ರೈಲು ಒಮ್ಮೆ ಕುಲುಕಿದರೆ ಕತ್ತು ಮುರಿದುಕೊಳ್ಳುತ್ತದೆ. ಎರಡು ಪಕ್ಕೆಗೂ ಹಲಗೆ ತಾಗಿಯೂ ತಾಗದಂತೆ ಇರಬೇಕು. ಒಳಗೆ ಕತ್ತಲೆ ಇರಬೇಕು. ಕಾಡಿನ ಪ್ರಾಣಿಗೆ ಪ್ರಯಾಣದಲ್ಲಿ ಕತ್ತಲೆಯಷ್ಟು ಒಳ್ಳೆಯ ನೆಂಟ ಇನ್ನೊಬ್ಬನಿಲ್ಲ.

ಸ್ವಾತಂತ್ರ್ಯ ಬಂದು ಹತ್ತು ವರ್ಷದ ಆಸುಪಾಸು. ನಾನು ಮೈಸೂರಿನ ಮೃಗಾಲಯದಲ್ಲಿ ಬಡಗಿಯಾಗಿದ್ದೆ. ದೇಶ ಸುತ್ತಿದವನಲ್ಲ. ಹುಟ್ಟಿದ್ದು ನಂಜನಗೂಡಿನ ಆಚೆಯ ಹಳ್ಳಿಯ ಒಕ್ಕಲು ಮನೆಯಲ್ಲಿ, ಇದ್ದದ್ದು ವಿದ್ಯಾರಣ್ಯಪುರದ ಬಾಡಿಗೆ ಮನೆಯಲ್ಲಿ, ಅಷ್ಟೇ ನನ್ನ ಭೂಗೋಳ. ಆದರೆ ದೇಶದ ಮೂಲೆಮೂಲೆಯ ಪ್ರಾಣಿಗಳ ಮೈಕಟ್ಟು ನನಗೆ ಗೊತ್ತಿತ್ತು. ಹಿಮಾಲಯದ ಕರಡಿಗಾದರೆ ಪೆಟ್ಟಿಗೆಯ ಒಳಗೆಲ್ಲ ತಗಡು ಹೊಡೆಯಬೇಕು, ಇಲ್ಲದಿದ್ದರೆ ಉಗುರಿನಲ್ಲೇ ಹಲಗೆ ಸೀಳುತ್ತದೆ. ಅಸ್ಸಾಮಿನ ಖಡ್ಗಮೃಗಕ್ಕೆ ಮನೆಯ ಸೂರಿಗೆ ಹಾಕುವಂಥ ತೊಲೆಗಳೇ ಆಗಬೇಕು. ಬಯಲಿನ ಕೃಷ್ಣಮೃಗಕ್ಕೆ ಹುಲ್ಲು ತುಂಬಿದ ಗೋಣಿಯ ಮೆತ್ತೆ, ಮೇಲೆ ನೆಗೆಯದಂತೆ ತಗ್ಗಿನ ಚಾವಣಿ. ಶಾಲೆಯಲ್ಲಿ ಮೇಷ್ಟ್ರು ಎಷ್ಟು ಬಾರಿಸಿದರೂ ತಲೆಗೆ ಹತ್ತದ ಭಾರತದ ನಕ್ಷೆ ನನಗೆ ಹೀಗೆ ಹತ್ತಿತು.

ಈ ವಿದ್ಯೆ ಕಲಿಸಿದವರು ನಮ್ಮ ಷೆಡ್ಡಿನ ಮೇಸ್ತ್ರಿ. ಎಲ್ಲರೂ ಅವರನ್ನು ಆಚಾರ್ರು ಎನ್ನುತ್ತಿದ್ದರು. ತೆಳ್ಳಗಿನ ಆಳು, ಮಾತೂ ತೆಳುವೇ. ಅವರದೊಂದು ವಾಡಿಕೆಯಿತ್ತು. ಉಳಿ, ಬಾಚಿ, ಗರಗಸಗಳನ್ನು ಅವರು ಎಂದೂ ‘ಅದು’ ಎನ್ನುತ್ತಿರಲಿಲ್ಲ. ‘ಅವರನ್ನ ಒರೆಸಿಡು’, ‘ಅವರಿಗೆ ಎಣ್ಣೆ ಕೊಡು’ ಎನ್ನುತ್ತಿದ್ದರು. ಹೊಸದಾಗಿ ಸೇರಿದಾಗ ನಾನು ಯಾರೋ ಹಿರಿಯರು ಬಂದಿದ್ದಾರೆಂದು ಬಾಗಿಲ ಕಡೆ ನೋಡಿ ನಗೆಪಾಟಲಾಗಿದ್ದೆ.

ಆ ವರ್ಷ ನಾವು ಉತ್ತರದ ಒಂದು ಊರಿಗೆ ಒಂದು ಜೊತೆ ಕಾಟಿ, ಎಂದರೆ ಕಾಡುಕೋಣ, ಕಳಿಸಿದ್ದೆವು. ಬದಲಿಗೆ ಅವರು ಒಂದು ಜೊತೆ ಬಾರಾಸಿಂಗಾ ಕಳಿಸಬೇಕಿತ್ತು. ಬಾರಾಸಿಂಗಾ ಎಂದರೆ ಹಿಮಾಲಯದ ತಪ್ಪಲಿನ ಜೌಗಿನಲ್ಲಿರುವ ದೊಡ್ಡ ಜಿಂಕೆ, ನಮ್ಮ ಕಡವೆಗಿಂತ ತುಸು ಚಿಕ್ಕದು. ಕೆಸರಿನಲ್ಲಿ ಹೂತುಹೋಗದಂತೆ ಅದರ ಗೊರಸು ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಆ ಜಾತಿಯದು ಇರಲಿಲ್ಲ. ನಮ್ಮ ಪಶುವೈದ್ಯರು ಅದಕ್ಕಾಗಿ ಹಲವು ತಿಂಗಳು ಬರೆದು, ಕಾಡಿ, ಬೇಡಿ ಒಪ್ಪಿಸಿದ್ದರು. ಆ ಜೌಗು ನೆಲವನ್ನು ಉತ್ತು ಗದ್ದೆ ಮಾಡುತ್ತಿದ್ದಾರೆ, ಇನ್ನು ಕೆಲವೇ ವರ್ಷದಲ್ಲಿ ಈ ಪ್ರಾಣಿ ಚಿತ್ರದಲ್ಲಿ ಮಾತ್ರ ಉಳಿದೀತು ಎಂದು ಅವರಿಗೆ ದಿಗಿಲು. ಇಲ್ಲೊಂದು ಸಂತಾನ ಬೆಳೆಯಲಿ ಎಂಬುದು ಅವರ ಆಸೆ. ಅದಕ್ಕೆಂದೇ ಒಂದು ಅಂಗಳಕ್ಕೆ ಹುಲ್ಲು ನೆಟ್ಟು, ನೀರು ನಿಲ್ಲಿಸಿ, ನನ್ನಿಂದ ಬೇಲಿ ಹಾಕಿಸಿದ್ದರು.

ನವರಾತ್ರಿಗೆ ಮುಂಚೆ ಬರಬೇಕಿದ್ದ ಜೋಡಿ ದಾರಿಯಲ್ಲಿ ತಡವಾಯಿತು. ಬಂದದ್ದು ಮಹಾನವಮಿಯ ದಿನ.

ಮೈಸೂರಿನಲ್ಲಿ ಆ ದಿನ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರಮನೆಯ ಪಟ್ಟದ ಕತ್ತಿಯಿಂದ ಹಿಡಿದು ಬೀದಿ ಬದಿಯ ಕ್ಷೌರಿಕನ ಕತ್ತರಿಯವರೆಗೆ ಎಲ್ಲಕ್ಕೂ ಅಂದು ಕುಂಕುಮ. ನಮ್ಮ ಷೆಡ್ಡಿನಲ್ಲೂ ಬೆಳಗ್ಗೆಯೇ ಪೂಜೆಯಾಗಿತ್ತು. ಆಚಾರ್ರು ಮಣೆಯ ಮೇಲೆ ಅಕ್ಕಿ ಹರಡಿ ಕಲಶ ಇಟ್ಟು, ಅದರ ಮುಂದೆ ಮೃಗಾಲಯದ ಆಯುಧಗಳನ್ನೂ ತಮ್ಮ ಸ್ವಂತದವನ್ನೂ ಸಾಲಾಗಿ ಮಲಗಿಸಿದ್ದರು. ಒಂದೊಂದರ ಮೇಲೂ ಒಂದೊಂದು ಸೇವಂತಿಗೆ. ಒಮ್ಮೆ ಹೀಗೆ ಇಟ್ಟರೆ, ಮರುದಿನ ವಿಜಯದಶಮಿಯ ಮಂಗಳಾರತಿ ಮಾಡಿ, ಕಲಶವನ್ನು ಉತ್ತರಕ್ಕೆ ತುಸು ಕದಲಿಸಿದ ಮೇಲೇ ಮತ್ತೆ ಮುಟ್ಟಬೇಕು. ಅಷ್ಟರವರೆಗೆ ಮೊಳೆ ಕಿತ್ತು ಬಿದ್ದರೂ ಬಿದ್ದಿರಬೇಕು. ಉಳಿದವರೆಲ್ಲ ಕಡಲೆಪುರಿ, ತೆಂಗಿನ ಹೋಳು ತೆಗೆದುಕೊಂಡು ಮನೆಗೆ ಹೋದರು. ನಾನು ಹೊರಡುವುದರಲ್ಲಿದ್ದೆ. ಆಗ ಸ್ಟೇಷನ್ನಿನಿಂದ ಸುದ್ದಿ ಬಂತು.

ಲಾರಿಗೆ ಬಾಳೆಕಂದು ಕಟ್ಟಿಯಾಗಿತ್ತು. ಪುಣ್ಯಕ್ಕೆ ಪೂಜೆಯಾದ ಗಾಡಿ ಓಡಬಹುದು. ಡಾಕ್ಟರು, ಡ್ರೈವರು, ನಾನು ಹೋದೆವು. ಗಂಡಿನ ಪೆಟ್ಟಿಗೆಯ ಸಂದಿಗೆ ಮೂಗಿಟ್ಟ ಡಾಕ್ಟರು ಅಲ್ಲಿಯೇ ನಿಂತುಬಿಟ್ಟರು. ಅದು ಸತ್ತು ಆಗಲೇ ಒಂದು ದಿನವಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೆಣ್ಣಿನ ಪೆಟ್ಟಿಗೆಯ ಕಡೆ ನಡೆದರು. ಅದು ಬದುಕಿತ್ತು, ನಿಂತೂ ಇತ್ತು. ಪೆಟ್ಟಿಗೆ ಮಾತ್ರ ಸೊಟ್ಟಗಾಗಿತ್ತು. ಬೆಂಗಳೂರಿನಲ್ಲಿ ದೊಡ್ಡ ಹಳಿಯ ರೈಲಿನಿಂದ ನಮ್ಮ ಸಣ್ಣ ಹಳಿಯ ರೈಲಿಗೆ ದಾಟಿಸುವಾಗ ಎಲ್ಲೋ ಕುಕ್ಕಿರಬೇಕು. ಮಾಡಿದವರು ಯಾರೋ, ಚುಕ್ಕೆಜಿಂಕೆಗೆ ಮಾಡುವ ಹಾಗೆ ನುಣುಪು ಹಲಗೆಯ ನೆಲ ಹಾಕಿದ್ದರು. ಅಗಲ ಗೊರಸಿನ ಪ್ರಾಣಿಗೆ ಅದು ಜಾರುಬಂಡೆ. ಕಾಲಿಗೆ ಆನಿಕೆಯಾಗಿ ಅಡ್ಡಕ್ಕೆ ಹೊಡೆದಿದ್ದ ಪಟ್ಟಿಯೊಂದು ಒಂದು ತುದಿಯಲ್ಲಿ ಎದ್ದಿತ್ತು. ನಾನು ಅದನ್ನು ಡಾಕ್ಟರಿಗೆ ತೋರಿಸಿದೆ. ಮೃಗಾಲಯ ತಲುಪಿದ ಕೂಡಲೇ ಬಾಗಿಲೆತ್ತಿಬಿಡೋಣ ಎಂದರು.

ಹೆಣ್ಣಿನ ಪೆಟ್ಟಿಗೆಯನ್ನು ಹುಷಾರಾಗಿ ಲಾರಿಗೆ ಏರಿಸಿದೆವು. ನಾನು ಹಗ್ಗ ಬಿಗಿಯುತ್ತಿದ್ದೆ. ಅಷ್ಟರಲ್ಲಿ ಢಂ ಎಂದು ಸದ್ದಾಯಿತು. ಹಬ್ಬದ ದಿನದ ಮೊದಲ ಹೊರೆಯೆಂದು ಡ್ರೈವರು ಲಾರಿಯ ಮುಂದೆ ಬೂದುಗುಂಬಳಕಾಯಿಯನ್ನು ಎತ್ತಿ ಕುಕ್ಕಿದ್ದ. ಪೆಟ್ಟಿಗೆಯೊಳಗೆ ಹೆಣ್ಣು ಚಾವಣಿಗೆ ತಲೆ ಬಡಿಯುವಂತೆ ನೆಗೆಯಿತು. ಹಲಗೆ ಕಿರುಗುಟ್ಟಿತು. ಆಮೇಲೆ ಹೆಣ್ಣು ಧೊಪ್ಪೆಂದು ಬಿತ್ತು.

“ಏನಯ್ಯಾ ಮಾಡ್ದೆ!” ಎಂದು ಡಾಕ್ಟರು ಕೂಗಿದರು.

“ಕುಂಬ್ಳಕಾಯಿ ಒಡೀದೆ ಎಂಗೆ ಗಾಡಿ ಎತ್ಲಿ ಸಾಮಿ? ದೃಷ್ಟಿ ಆಗ್ದಿರ್ಲಿ ಅಂತ ಮಾಡ್ದೆ,” ಎಂದ. ಮುಖ ಬಿಳಿಚಿಕೊಂಡಿತ್ತು. ಅವನನ್ನು ಬೈದು ಏನು ಫಲ? ಆ ದಿನ ಮೈಸೂರಿನ ಯಾವ ಡ್ರೈವರಾದರೂ ಅದನ್ನೇ ಮಾಡುತ್ತಿದ್ದ, ಅದೂ ಪ್ರಾಣಿಯ ಒಳ್ಳೆಯದಕ್ಕೇ.

ಅರಮನೆಯ ಕಡೆ ಜನಜಾತ್ರೆ. ಅಗ್ರಹಾರದ ಮೇಲೆ ಸುತ್ತಿಕೊಂಡು ಮೃಗಾಲಯ ಸೇರಿದೆವು. ಪೆಟ್ಟಿಗೆಯನ್ನು ನೀರಿನ ಅಂಗಳದ ಬಾಗಿಲಿಗೆ ಹೊಂದಿಸಿ ಇಳಿಸಿದೆವು. ಮೇಲಕ್ಕೆ ಜಾರುವ ಬಾಗಿಲು ಸೊಟ್ಟ ಚೌಕಟ್ಟಿನಲ್ಲಿ ಕಚ್ಚಿಕೊಂಡು ಮಿಸುಕಲಿಲ್ಲ. ನಾನು ನೆಲಕ್ಕೆ ಕೆನ್ನೆಯಿಟ್ಟು ಪೆಟ್ಟಿಗೆಯಡಿ ಇಣುಕಿದೆ. ಪೆಟ್ಟಿಗೆ ಎರಡು ದಿಮ್ಮಿಗಳ ಮೇಲೆ ಕೂತಿದ್ದರಿಂದ ಅಡಿಯಲ್ಲಿ ಸಂದಿಯಿತ್ತು. ಆ ಸಂದಿಯಲ್ಲಿ ಒಂದು ಹಿಂಗಾಲು ನೇತಾಡುತ್ತಿತ್ತು. ಪಟ್ಟಿ ಪೂರ್ತಿ ಕಿತ್ತುಬಂದು, ಗೊರಸು ನೆಲದ ಹಲಗೆಗೂ ಪಕ್ಕದ ಹಲಗೆಗೂ ನಡುವೆ ನುಗ್ಗಿ, ಹಲಗೆಗಳು ಗೊರಸಿನ ಮೇಲುಗಂಟನ್ನು ಕಚ್ಚಿ ಹಿಡಿದಿದ್ದವು. ಗೊರಸು ಕೆಳಗೆ ಬಿಚ್ಚಿಕೊಂಡು ಮೇಲೆ ಬರದಂತಾಗಿತ್ತು.

ಡಾಕ್ಟರು ಸಂದಿಯಿಂದ ಕೈ ತೂರಿಸಿ ಅದರ ಹೊಟ್ಟೆ ಮುಟ್ಟಿ ನೋಡಿದರು. ಬಹಳ ಹೊತ್ತು ಕೈ ತೆಗೆಯಲಿಲ್ಲ.

“ಗಬ್ಬ ಕಣ್ರೀ ಇದು. ದಿನ ತುಂಬಿದೆ. ಇಂಥದನ್ನ ಯಾರ್ರೀ ರೈಲಿಗೆ ಹತ್ತಿಸ್ತಾರೆ?” ಎಂದರು. ಆಮೇಲೆ ದನಿ ಇಳಿಸಿ, “ನೋವು ಶುರುವಾಗಿದೆ. ಹೀಗೆ ಸಿಕ್ಕೊಂಡು ಈಯೋಕಾಗಲ್ಲ. ಒದ್ದಾಡಿದ್ರೆ ಎದೆ ಒಡ್ದು ಹೋಗುತ್ತೆ. ಮತ್ತು ಬರೋ ಔಷಧ ಕೊಟ್ರೆ ಮಲಗಿದ್ದು ಮತ್ತೆ ಏಳಲ್ಲ. ಎಷ್ಟು ಬೇಗ ಬಿಡಿಸ್ತೀರೋ ಅಷ್ಟು,” ಎಂದರು.

ಲಾರಿಯ ಕಬ್ಬಿಣದ ಸರಳಿನಿಂದ ಮೀಟಿ ನೋಡಿದೆ. ಒಂದು ಕಡೆ ಮೀಟಿದರೆ ಇನ್ನೊಂದು ಕಡೆ ಹಲಗೆ ಕಾಲನ್ನು ಇನ್ನಷ್ಟು ಕಚ್ಚಿತು, ಹೆಣ್ಣು ಮುಲುಗಿತು. ಉತ್ತರದವರು ಮೊಳೆಯ ಬದಲು ಬೋಲ್ಟ್ ಹಾಕಿ ತುದಿಯನ್ನು ಬಡಿದು ಮಡಿಚಿದ್ದರು, ಕೀಳುವಂತಿರಲಿಲ್ಲ. ಉಳಿದದ್ದು ಒಂದೇ ದಾರಿ. ಪಕ್ಕದ ಕೆಳಹಲಗೆಯನ್ನು ಕಾಲಿನ ಆಚೆ ಈಚೆ ಎರಡು ಕಡೆ ಕುಯ್ದು, ನಡುವಿನ ತುಂಡನ್ನು ಹೊರಕ್ಕೆ ಎಳೆಯಬೇಕು. ಅದಕ್ಕೆ ಗರಗಸ ಬೇಕು.

ಇಡೀ ಮೈಸೂರಿನಲ್ಲಿ ಆ ಮಧ್ಯಾಹ್ನ ಒಂದು ಗರಗಸ ಹುಟ್ಟಲಿಲ್ಲ. ನಾನೂ ಡ್ರೈವರೂ ಲಾರಿಯಲ್ಲಿ ಹುಚ್ಚರಂತೆ ಸುತ್ತಿದೆವು. ಅಶೋಕಪುರದ ಕಡೆಯ ರೈಲ್ವೆ ಕಾರ್ಖಾನೆಗೆ ಬೀಗ, ಗೇಟಿಗೆ ಮಾವಿನ ತೋರಣ. ಮರದ ಡಿಪೋದಲ್ಲಿ ಪೂಜೆ ಮಾಡಿ ಬಾಗಿಲೆಳೆದುಕೊಂಡು ಹೋಗಿದ್ದರು. ಕೊನೆಗೆ ಮಂಡಿ ಮೊಹಲ್ಲಾಕ್ಕೆ ಹೋದೆ. ಅಲ್ಲಿ ಬೀಟೆ ಮರಕ್ಕೆ ದಂತ ಕೂರಿಸುವ ಕುಸುರಿ ಕೆಲಸದ ಸಾಹೇಬರೊಬ್ಬರು ನನಗೆ ಪರಿಚಯ. “ಅಯ್ಯೋ, ನಮ್ ಕೆಲಸಗಾರರೆಲ್ಲಾ ಪೂಜೆ ಮಾಡಿಟ್ಟವ್ರೆ. ನನ್ ಕೈಯಿನ್ದು ಒಂದೈತೆ, ತಗೊಂಡ್ ಹೋಗಪ್ಪಾ,” ಎಂದು ಒಳಗಿಂದ ತಂದುಕೊಟ್ಟರು. ದಂತದಲ್ಲಿ ಹೂವಿನ ಎಸಳು ಕುಯ್ಯುವ ಕೂದಲೆಳೆ ಗರಗಸ ಅದು. ಬೇಡವೆನ್ನಲು ಬಾಯಿ ಬರಲಿಲ್ಲ. ತಂದು ಪೆಟ್ಟಿಗೆಯ ಹಲಗೆಗೆ, ಉತ್ತರದ ಆ ಗಟ್ಟಿ ಸಾಲ್ ಮರಕ್ಕೆ, ಹಚ್ಚಿದೆ. ನಾಲ್ಕು ಎಳೆತಕ್ಕೇ ಪಟ್ಟೆಂದು ತುಂಡಾಯಿತು.

ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರ ಮನಸ್ಸಿನಲ್ಲೂ ಒಂದೇ ಇತ್ತು.

“ನಾನು ಆರ್ಡರ್ ಮಾಡಲ್ಲ ಕಣ್ರೀ,” ಎಂದರು. “ನಮ್ಮನೇಲೂ ಪುಸ್ತಕ ಪೂಜೇಲಿ ಇಟ್ಟಿದ್ದೀವಿ. ನೀವೇ ಅವರನ್ನ ಕೇಳಿ.”

ಆಚಾರ್ರು ಮನೆಗೆ ಹೋಗಿರಲಿಲ್ಲ. ದೀಪ ಆರದಂತೆ ನೋಡಿಕೊಳ್ಳುತ್ತಾ ಕಲಶದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಾನು ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ.

“ಕಲಶ ಈಗ್ಲೇ ಕದಲಿಸ್ಬುಡಿ ಆಚಾರ್ರೇ.”

“ದಶಮಿ ಹುಟ್ಟದೆ ಎಂಗೋ ಕದಲಿಸ್ಲಿ?”

“ಗಬ್ಬದ ಪ್ರಾಣಿ. ಸಾಯ್ತದೆ.”

ಅವರು ಕಣ್ಣು ಮುಚ್ಚಿದರು. “ವರ್ಷ ಪೂರ್ತಿ ನಾವು ಅವರ ಬೆನ್ನು ಮುರೀತೀವಿ. ಕಲ್ಲು ಅನ್ನಲ್ಲ, ಮೊಳೆ ಅನ್ನಲ್ಲ, ಉಜ್ತೀವಿ. ಒಂದಿನ ಮಲಗಿ ಅಂತ ಕೈ ಮುಗ್ದು ಮಲಗ್ಸಿದ್ದೀನಿ. ಮಾತು ಕೊಟ್ಟಂಗೆ ಅದು. ನಮ್ಮಪ್ಪ ಸತ್ತ ವರ್ಷಾನೂ ನಾನು ಈ ಮಾತು ತಪ್ಲಿಲ್ಲ.”

“ಪೂಜೆ ದಿನಾನೂ ಡಾಕ್ಟ್ರು ಸೂಜಿ ಎತ್ತಲ್ವಾ?”

“ಸೂಜಿ ಅವರ್ದು. ಅವರ ಲೆಕ್ಕ ಅವರ್ದು.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈ ಮನುಷ್ಯ ಮೊಂಡನಲ್ಲ. ಗಾಯದ ನವಿಲು ಸತ್ತಿತೆಂದು ಒಂದು ಹೊತ್ತಿನ ಊಟ ಬಿಟ್ಟದ್ದನ್ನು ನಾನೇ ಕಂಡಿದ್ದೆ. ಅವರ ಮಾತು ಮೀರುವುದೆಂದರೆ ನನಗೆ ತಂದೆಯ ಮಾತು ಮೀರಿದ ಹಾಗೆ. ನಾಳೆಯಿಂದ ಈ ಷೆಡ್ಡಿನಲ್ಲಿ ಅವರ ಪಕ್ಕ ನಿಂತು ಕೆಲಸ ಮಾಡುವುದಾದರೂ ಹೇಗೆ? ಆದರೆ ಕಿವಿಯಲ್ಲಿ ಆ ಹೆಣ್ಣಿನ ಮುಲುಗು ಇತ್ತು. ಕೈ ಮುಗಿದು, “ತಪ್ಪು ನಂದು, ನನ್ ತಲೇಗೇ ಇರ್ಲಿ,” ಎಂದೆ. ಸಾಲಿನಲ್ಲಿ ಸಾಲ್ ಮರ ಕುಯ್ಯುವಂಥ ಹಲ್ಲಿದ್ದದ್ದು ಒಂದೇ, ಅವರ ಅಪ್ಪನ ಕಾಲದ ಕೈಗರಗಸ. ಅದರ ಮೇಲಿನ ಸೇವಂತಿಗೆಯನ್ನು ತೆಗೆದು ಪಕ್ಕಕ್ಕಿಟ್ಟೆ. ಕುಂಕುಮ ಒರೆಸಲು ಮನಸ್ಸಾಗಲಿಲ್ಲ. ಎತ್ತಿಕೊಂಡು ತಿರುಗಿದೆ. ಹೊಸ್ತಿಲ ಬಳಿ ಒಮ್ಮೆ ಹಿಂದಕ್ಕೆ ನೋಡಿದಾಗ ಆಚಾರ್ರು ನನಗೆ ಬೆನ್ನು ಹಾಕಿ ಕಲಶದ ಕಡೆ ಬಾಗಿದ್ದರು. ನನ್ನ ಮುಖ ನೋಡಲು ಇಷ್ಟವಿಲ್ಲವೆಂದುಕೊಂಡೆ.

ಪೆಟ್ಟಿಗೆಯ ಮೇಲೆಲ್ಲ ಒದ್ದೆ ಗೋಣಿ ಹೊದಿಸಿ ಕತ್ತಲೆ ಮಾಡಿದೆವು. ಸದ್ದು ತಗ್ಗಲೆಂದು ಗರಗಸಕ್ಕೆ ಹರಳೆಣ್ಣೆ ಸವರಿದೆ. ಡ್ರೈವರು ಬಿಸ್ಕತ್ತಿನ ಡಬ್ಬಿ ಬಡಿದು ಒಂದು ತಗಡು ಮಾಡಿಕೊಟ್ಟ. ಹಲ್ಲು ಕಾಲಿಗೆ ತಾಗದಂತೆ ಡಾಕ್ಟರು ಅದನ್ನು ಹಲಗೆಗೂ ಕಾಲಿಗೂ ನಡುವೆ ಹಿಡಿದುಕೊಂಡು ನನ್ನ ಎದುರಿಗೇ ನೆಲದ ಮೇಲೆ ಮಲಗಿದರು. ನಾನು ಮಗ್ಗುಲಾಗಿ ಮಲಗಿ ಕೆಳಗಿನ ಅಂಚಿನಿಂದ ಮೇಲಕ್ಕೆ ಕುಯ್ಯತೊಡಗಿದೆ. ತಲೆಕೆಳಗಾದ ಕೆಲಸ. ಎಳೆಯುವಾಗ ಮಾತ್ರ ಒತ್ತು, ತಳ್ಳುವಾಗ ಹಗುರ. ಪುಡಿ ಕಣ್ಣಿಗೇ ಬೀಳುತ್ತಿತ್ತು. ಸಾಲ್ ಮರದ ಪುಡಿಯೂ ಕೆಂಪು, ಅದರಲ್ಲಿ ಕುಂಕುಮ ಯಾವುದೋ ಗೊತ್ತಾಗಲಿಲ್ಲ. ಎಡಗೈಯನ್ನು ಹಲಗೆಗೆ ಆನಿಸಿದ್ದೆ. ಅದರ ಮೂಲಕ ಹೆಣ್ಣಿನ ನಡುಕ ತಿಳಿಯುತ್ತಿತ್ತು. ನಡುಕ ಏರಿದರೆ ನಿಲ್ಲಿಸುತ್ತಿದ್ದೆ, ಇಳಿದರೆ ಮತ್ತೆ ಎಳೆಯುತ್ತಿದ್ದೆ. ಅವಸರ ಮಾಡಬೇಕೆಂದು ಕೈ ತುಡಿಯುತ್ತಿತ್ತು. ಆ ಅವಸರವನ್ನು ತಡೆದು ಹಿಡಿಯುವುದೇ ಆ ದಿನದ ದೊಡ್ಡ ಕೆಲಸವಾಯಿತು.

ಮೊದಲ ಕೊಯ್ತ ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಹೆಣ್ಣು ಒಮ್ಮೆ ಜಾಡಿಸಿತು. ಡಾಕ್ಟರ ಬೆರಳು ತಗಡಿಗೂ ಹಲಗೆಗೂ ನಡುವೆ ಸಿಕ್ಕಿ ರಕ್ತ ಬಂತು. “ನಿಲ್ಲಿಸ್ಬೇಡಿ ಕಣ್ರೀ,” ಎಂದರು. ಕೊನೆಗೆ ತುಂಡು ಸಡಿಲಾಯಿತು. ಹೊರಕ್ಕೆ ಎಳೆದೆ. ಕಾಲು ತನಗೆ ತಾನೇ ಮೇಲೆ ಹೋಯಿತು. ಬಾಗಿಲಿನ ಪಟ್ಟಿಯನ್ನೂ ಕುಯ್ದು ಬಾಗಿಲೆತ್ತಿದೆವು. ಹೆಣ್ಣು ಹೊರಗೆ ನೋಡಿತು, ನೀರು ಮೂಸಿತು, ಮೂರು ಕಾಲಿನಲ್ಲಿ ಕುಪ್ಪಳಿಸುತ್ತಾ ಹೋಗಿ ಹುಲ್ಲಿನ ನಡುವೆ ನಿಂತಿತು. ಡ್ರೈವರು ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ನನಗೂ ಅಳು ಬಂತು, ನಾನೇನೂ ಮುಚ್ಚಿಕೊಳ್ಳಲಿಲ್ಲ.

ಹೊತ್ತು ಇಳಿಯುವಾಗ ಅದು ಈಯಿತು. ಮರಿ ಅಲುಗಲಿಲ್ಲ. ತಾಯಿ ಅದನ್ನು ನೆಕ್ಕಿತು, ಮೂತಿಯಿಂದ ನೂಕಿತು, ಮತ್ತೆ ನೆಕ್ಕಿತು. ನಾವು ಬೇಲಿಯ ಹೊರಗೆ ನಿಂತು ನೋಡಿದೆವು. ರೈಲಿನಲ್ಲೇ ಸತ್ತಿತ್ತೋ ಪೆಟ್ಟಿಗೆಯಲ್ಲಿ ಒದ್ದಾಡುವಾಗ ಸತ್ತಿತೋ ಹೇಳಲಾಗದು ಎಂದರು ಡಾಕ್ಟರು. ಗಂಡೂ ಇಲ್ಲ, ಮರಿಯೂ ಇಲ್ಲ. ಅವರು ಆಸೆಪಟ್ಟ ಸಂತಾನ ಅಲ್ಲಿಗೆ ಮುಗಿಯಿತು. ಆಮೇಲೆ ಕೆಲವರು, ಮಲಗಿದ ಆಯುಧ ಎಬ್ಬಿಸಿದ್ದಕ್ಕೇ ಮರಿ ಹೋಯಿತು ಎಂದು ನನ್ನ ಬೆನ್ನ ಹಿಂದೆ ಆಡಿಕೊಂಡರು. ಆ ಸಂಜೆ ಯಾರೂ ಹೇಳುವ ಮೊದಲೇ ಅದು ನನಗೂ ಹೊಳೆದಿತ್ತು.

ಗರಗಸ ಹಿಡಿದು ಷೆಡ್ಡಿಗೆ ಬಂದೆ. ಒಳಗೆ ಕಾಲಿಡಲು ಧೈರ್ಯ ಸಾಲದೆ ಬಾಗಿಲಲ್ಲೇ ನಿಂತೆ.

“ಏನಾಯ್ತು?” ಆಚಾರ್ರ ದನಿ.

“ತಾಯಿ ಉಳೀತು. ಮರಿ ಹೋಯ್ತು ಆಚಾರ್ರೇ.” ಗರಗಸವನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದೆ. “ನಾನು ಮುಟ್ಬಾರ್ದಾಗಿತ್ತೇನೋ.”

“ನೀನೇನೂ ಮುಟ್ಬಾರ್ದ್ ಮುಟ್ಲಿಲ್ಲ. ಒಳಗ್ ಬಾ.”

ಹತ್ತಿರ ಹೋದೆ. ಮಣೆಯ ಮೇಲಿನ ಅಕ್ಕಿಯಲ್ಲಿ ಬೆಳಗ್ಗೆ ಕಲಶ ಕೂತಿದ್ದ ಗುಂಡನೆಯ ಗುರುತಿನ ಅಂಚು ಕಾಣುತ್ತಿತ್ತು. ಕಲಶ ಒಂದು ಬೆರಳಿನಷ್ಟು ಉತ್ತರಕ್ಕೆ ಸರಿದಿತ್ತು.

“ನೀನು ಹೊಸ್ಲು ದಾಟೋಕ್ ಮುಂಚೆ ಕದಲಿಸ್ಬುಟ್ಟೆ,” ಎಂದರು. “ನಿನ್ ಕೈಲಿ ಹೋದೋರು ಎದ್ದೋರೇ. ದಶಮಿಗೆ ಮುಂಚೆ ಎಬ್ಬಿಸಿದ್ದು ನಾನು. ಏನಾದ್ರೂ ಇದ್ರೆ ಅದು ನನ್ನ ಲೆಕ್ಕಕ್ಕೆ, ನೀನ್ ತಲೆ ಮೇಲೆ ಹೊತ್ಕೋಬೇಡ.”

ನಾನು ಅವರ ಕಾಲಿಗೆ ಬೀಳಲು ಬಗ್ಗಿದೆ. “ಅದೆಲ್ಲಾ ಬುಡು,” ಎಂದು ಭುಜ ಹಿಡಿದು ಎಬ್ಬಿಸಿದರು. “ಕಾಲು ಎಂಗದೆ?”

“ಮೂಳೆ ಸೀಳಿರ್ಬೋದಂತೆ. ಮರದ ಪಟ್ಟಿ ಕಟ್ಬೇಕು, ನಾಳೆ ಮಾಡ್ಕೊಡು ಅಂದ್ರು ಡಾಕ್ಟ್ರು.”

“ನಾಳೆ ತನಕ ಆ ಕಾಲ್ ಊರ್ಕೊಂಡ್ ನಿಂತಿರ್ಬೇಕಾ ಅದು?”

ಅವರು ಮೂಲೆಯಿಂದ ಒಂದು ಹಾಲೆ ಮರದ ತುಂಡು ಆರಿಸಿ ತಂದರು. ಹಗುರ ಮರ, ಸಿಬಿರು ಏಳುವುದಿಲ್ಲ. ಕೀಸುಳಿಯ ಮೇಲಿನ ಹೂವನ್ನು ತಾವೇ ತೆಗೆದರು. ಎಷ್ಟುದ್ದ ಬೇಕೆಂದು ಕೇಳಿದರು, ನಾನು ನನ್ನ ತೋಳಿನ ಮೇಲೆ ಅಳತೆ ತೋರಿಸಿದೆ. ಕೀಸತೊಡಗಿದರು. ಬಿಳಿಯ ಸುರುಳಿಗಳು ಮಣೆಯ ಅಕ್ಕಿಯ ಪಕ್ಕದ ತನಕ ಉರುಳಿದವು. ಹೊರಗೆ ಅರಮನೆಯ ಕಡೆಯಿಂದ ಬ್ಯಾಂಡಿನ ಸದ್ದು ಕೇಳುತ್ತಿತ್ತು.

“ಮರಿ ಗಂಡೋ ಹೆಣ್ಣೋ?” ಎಂದು ತಲೆಯೆತ್ತದೆ ಕೇಳಿದರು.

“ಹೆಣ್ಣು.”

ಅವರ ಕೈ ನಿಂತಿತು. ಆಮೇಲೆ ಪಟ್ಟಿಯ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಎಲ್ಲೋ ಚುಚ್ಚಿರಬೇಕು. “ಇಲ್ಲಿನ್ನೂ ಒರಟಾಗದೆ, ತಾಳು,” ಎಂದು ಮತ್ತೆ ಕೀಸಿದರು. ಆ ಪಟ್ಟಿ ಕಟ್ಟಿಸಿಕೊಂಡ ಹೆಣ್ಣು ಆಮೇಲೆ ಹಲವು ವರ್ಷ ಆ ನೀರಿನ ಅಂಗಳದಲ್ಲಿ ಕುಂಟುತ್ತಾ, ಒಂಟಿಯಾಗಿ ಮೇಯ್ದಿತು.